ಈಜುಕೊಳದ ತಳಕ್ಕೊಂದು ಪೊರಕೆ

ಬೆಳಿಗ್ಗೆ ಆರೂಕಾಲು. ಪೂಲಣ್ಣ ಮೊಣಕಾಲೂರಿ ಕೂತು, ಅಂಚಿಗೆ ಬಂದು ನಿಂತಿದ್ದ ಯಂತ್ರದ ಹಿಡಿಗೆ ಕೈಹಾಕಿ ನೀರಿನಿಂದ ಅರ್ಧಕ್ಕೆ ಎತ್ತಿದರು. ಎತ್ತಿದವರು ಹಾಗೇ ಹಿಡಿದುಕೊಂಡರು. ಒಳಗೆ ತುಂಬಿದ್ದ ನೀರು ಹೊಟ್ಟೆಯಡಿಯಿಂದ ದಬದಬ ಸುರಿಯಿತು, ಆಮೇಲೆ ಎಳೆಯಾಯಿತು, ಆಮೇಲೆ ಹನಿಯಾಯಿತು. ಅಷ್ಟಾದ ಮೇಲೇ ಅದನ್ನು ಮೇಲೆ ತಂದು ನೆರಳಿನ ಕಲ್ಲುಹಾಸಿನ ಮೇಲಿಟ್ಟರು. ಮುಚ್ಚಳ ತೆಗೆದು ಜಾಲರಿ ಬುಟ್ಟಿಯನ್ನು ಹೊರಗೆಳೆದರೆ, ನಿನ್ನೆಯಿಂದ ಇವತ್ತಿನವರೆಗೆ ಕೊಳಕ್ಕೆ ಬಿದ್ದದ್ದೆಲ್ಲ ಅಲ್ಲಿತ್ತು: ತೇಲಿ ತೇಲಿ ಕಡೆಗೆ ಮುಳುಗಿದ ಹೊಂಗೆ ಹೂವು ಎರಡು ಹಿಡಿ, ಉದ್ದ ಕೂದಲಿನ ಉಂಡೆ, ನೀರಿಗೆ ಬೆಳ್ಳಗಾದ ಬ್ಯಾಂಡೇಜ್ ಪಟ್ಟಿ, ಮಗುವಿನ ಕ್ಲಿಪ್ಪು, ಯಾರದೋ ಮುಂಗೈಯಿಂದ ಕಳಚಿದ ಕೆಂಪು ದಾರ. ಜಾಲರಿಗೆ ಗಂಧ ತೇಯ್ದು ಹಚ್ಚಿದಂತೆ ಒಂದು ಪದರ ಬೂದು ಕೆಸರು. ಬೆರಳಲ್ಲಿ ತೀಡಿದರೆ ಸಿಮೆಂಟಿನ ನುಣುಪು. ಪಕ್ಕದ ನಿವೇಶನದಲ್ಲಿ ಏಳುತ್ತಿರುವ ಕಟ್ಟಡದ ದೂಳು ಅದು.

ನಮ್ಮದು ಬೆಂಗಳೂರಿನ ಪೂರ್ವದಂಚಿನ ಒಂದು ಅಪಾರ್ಟ್‌ಮೆಂಟ್. ಸಂಘದಲ್ಲಿ ಈಜುಕೊಳದ ಜವಾಬ್ದಾರಿ ನನ್ನ ಪಾಲಿಗೆ ಬಂದು ಮೂರು ವರ್ಷವಾಯಿತು. ಕೊಳ ನೋಡಿಕೊಳ್ಳುವವರು ಸಿಂಧನೂರು ಕಡೆಯವರು. ಮಕ್ಕಳೆಲ್ಲ ಪೂಲಣ್ಣ ಎನ್ನುತ್ತಾರೆ, ದೊಡ್ಡವರಿಗೂ ಅದೇ ರೂಢಿಯಾಗಿದೆ. ಈ ಮೂರು ವರ್ಷದಲ್ಲಿ ನಾವಿಬ್ಬರೂ ಕೊಳದ ತಳ ಗುಡಿಸುವ ಎರಡು ರೋಬೋಗಳ ಜೊತೆ ಏಗಿದ್ದೇವೆ, ಒಂದನ್ನು ಕಳೆದುಕೊಂಡಿದ್ದೇವೆ. ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಎನ್ನಿಸುವ ಮಾತು ಒಂದಿದೆ. ಅಂಗಡಿಗೆ ಹೋಗುವ ಮುನ್ನ ಒಂದು ವಾರ ನಿಮ್ಮ ಕೊಳದ ತಳ ನೋಡಿ. ಅಲ್ಲಿ ಬೀಳುವುದೇನು ಎಂದು ತಿಳಿದರೆ ಯಾವ ಯಂತ್ರ ಬೇಕೆಂಬುದು ತಿಳಿಯುತ್ತದೆ. ಬಿದ್ದದ್ದನ್ನು ಯಂತ್ರದ ಹೊಟ್ಟೆಯಿಂದ ದಿನದಿನವೂ ತೆಗೆಯುವವರು ಯಾರು ಎಂದು ಗೊತ್ತಾದರೆ ಅದು ಎಷ್ಟು ವರ್ಷ ಬಾಳೀತು ಎಂಬುದೂ ಗೊತ್ತಾಗುತ್ತದೆ.

ರೋಬೋ ಬರುವ ಮೊದಲು ತಳ ಗುಡಿಸುತ್ತಿದ್ದುದು ಕೈಯಲ್ಲೇ. ಉದ್ದನೆಯ ಅಲ್ಯೂಮಿನಿಯಂ ಕೋಲು, ಅದರ ತುದಿಗೆ ಅಗಲ ಬಾಯಿಯ ವ್ಯಾಕ್ಯೂಮ್ ತಲೆ, ಅದಕ್ಕೆ ಸುತ್ತುಸುತ್ತು ಗೆರೆಯ ನೀಲಿ ಹೋಸು. ಹೋಸಿನೊಳಗಿನ ಗಾಳಿಯನ್ನು ನೀರು ತುಂಬಿಸಿ ಪೂರ್ತಿ ಓಡಿಸಬೇಕು, ಇಲ್ಲದಿದ್ದರೆ ಪಂಪು ಗಾಳಿ ಎಳೆದು ಕೈಕೊಡುತ್ತದೆ. ಆಮೇಲೆ ಗೇಣು ಗೇಣಾಗಿ ಕೋಲು ತಳ್ಳಬೇಕು. ಅವಸರ ಮಾಡಿದರೆ ತಳದ ಕೆಸರು ಎದ್ದು ಮೋಡ ಕಟ್ಟುತ್ತದೆ, ಅದು ಮತ್ತೆ ಕೆಳಗಿಳಿಯುವವರೆಗೆ ಕಾಯದೆ ವಿಧಿಯಿಲ್ಲ. ಚಳಿಗಾಲದ ನಸುಕಿನಲ್ಲಿ ಒಂದೂವರೆ ಗಂಟೆ ಹೀಗೆ ಬಗ್ಗಿ ನಿಂತು, ಕೆಲಸ ಮುಗಿದ ಮೇಲೆ ಪೂಲಣ್ಣ ಸೊಂಟದ ಮೇಲೆ ಕೈಯಿಟ್ಟು ನಿಧಾನಕ್ಕೆ ನೆಟ್ಟಗಾಗುವುದನ್ನು ಎಷ್ಟೋ ಸಲ ನೋಡಿದ್ದೇನೆ. ಯಂತ್ರ ತರಿಸಬೇಕೆಂಬ ಯೋಚನೆ ಮೊದಲು ಹುಟ್ಟಿದ್ದು ಅದನ್ನು ನೋಡಿಯೇ.

ಯೋಚನೆ ತೀರ್ಮಾನವಾದದ್ದು ಮಾತ್ರ ನೀರಿನ ಲೆಕ್ಕದಿಂದ. ನಮ್ಮ ಕೊಳ 15 ಮೀಟರ್ ಉದ್ದ, 6 ಮೀಟರ್ ಅಗಲ, ಸರಾಸರಿ 1.2 ಮೀಟರ್ ಆಳ. ಅಂದರೆ 1,08,000 ಲೀಟರ್. ಪಂಪು ಗಂಟೆಗೆ ಸುಮಾರು 20,000 ಲೀಟರ್ ತಿರುಗಿಸುತ್ತದೆ. ಕೈಯಿಂದ ವ್ಯಾಕ್ಯೂಮ್ ಮಾಡಿದ ಕೊಳೆ ಮರಳಿನ ಫಿಲ್ಟರಿಗೆ ಹೋಗಿ ಕೂತರೆ, ಅದನ್ನು ಹೊರಹಾಕಲು ಬ್ಯಾಕ್‌ವಾಶ್ ಮಾಡಬೇಕು, ಅಂದರೆ ನೀರನ್ನು ಹಿಮ್ಮುಖವಾಗಿ ಹಾಯಿಸಿ ಫಿಲ್ಟರು ತೊಳೆಯಬೇಕು. ಮೂರು ನಿಮಿಷದ ಬ್ಯಾಕ್‌ವಾಶ್‌ಗೆ ಸಾವಿರ ಲೀಟರ್ ಚರಂಡಿ ಪಾಲು. ಕೆಸರು ಹೆಚ್ಚಿದ್ದ ದಿನ ಫಿಲ್ಟರಿಗೆ ಬಿಡದೆ ನೇರ ಹೊರಗೇ ಹಾಯಿಸುತ್ತಿದ್ದೆವು. ಇಪ್ಪತ್ತು ನಿಮಿಷ ಹಾಗೆ ಹಾಯಿಸಿದರೆ ಆರೂವರೆ ಸಾವಿರ ಲೀಟರ್, ಒಂದು ಸಣ್ಣ ಟ್ಯಾಂಕರ್ ನೀರು. 2024ರ ಮಾರ್ಚಿನಲ್ಲಿ ಬೋರ್‌ವೆಲ್‌ಗಳು ಬತ್ತಿ, ಕುಡಿಯುವ ನೀರನ್ನು ಈಜುಕೊಳಕ್ಕೆ ಬಳಸಿದರೆ 5,000 ರೂಪಾಯಿ ದಂಡವೆಂದು ಬೆಂಗಳೂರು ಜಲಮಂಡಳಿ ಆದೇಶ ಹೊರಡಿಸಿದ್ದು ಓದುಗರಿಗೆ ನೆನಪಿರಬಹುದು. ಸ್ನಾನಕ್ಕೆ ಬಕೆಟ್ ಎಣಿಸುತ್ತಿದ್ದ ಆ ದಿನಗಳಲ್ಲಿ, ಚರಂಡಿಗೆ ಬಿಟ್ಟ ಒಂದೊಂದು ಟ್ಯಾಂಕರ್ ನೆನೆದು ನನಗೆ ನಿಜಕ್ಕೂ ಹೊಟ್ಟೆ ಉರಿಯಿತು.

ರೋಬೋ ಕೊಳದ ನೀರನ್ನು ಹೊರಕ್ಕೆ ಕಳಿಸುವುದೇ ಇಲ್ಲ. ಅಡಿಯಿಂದ ನೀರೆಳೆದು, ತನ್ನೊಳಗಿನ ಜಾಲರಿಯಲ್ಲಿ ಸೋಸಿ, ಬೆನ್ನಿನ ಮೇಲಿಂದ ಅದೇ ಕೊಳಕ್ಕೆ ಬಿಡುತ್ತದೆ. ಕೆಲಸ ಮುಗಿದ ಮೇಲೆ ಜಾಲರಿ ತೊಳೆಯಲು ಎರಡು ಬಕೆಟ್ ನೀರು ಸಾಕು. ವಿದ್ಯುತ್ತೂ ಕಡಿಮೆ: ಎರಡು ಎಚ್‌ಪಿ ಪಂಪು ಒಂದು ಗಂಟೆ ಓಡಿದರೆ ಒಂದೂವರೆ ಯೂನಿಟ್, ರೋಬೋ ಎರಡು ಗಂಟೆ ಓಡಾಡಿದರೂ ಅರ್ಧ ಯೂನಿಟ್ ಮುಟ್ಟುವುದಿಲ್ಲ. ಕೊಳದ ದೊಡ್ಡ ಪಂಪು ಬೇಡವೆಂದು ಇದರ ಅರ್ಥವಲ್ಲ. ನೀರು ತಿರುಗುತ್ತಲೇ ಇರಬೇಕು, ಕ್ಲೋರಿನ್ ಎಲ್ಲ ಮೂಲೆಗೂ ತಲುಪಬೇಕು. ಆದರೆ ತಳದ ಕೊಳೆ ಮರಳಿನ ಫಿಲ್ಟರಿಗೆ ಹೋಗುವುದು ತಪ್ಪಿತೆಂದರೆ ಬ್ಯಾಕ್‌ವಾಶ್‌ನ ಸರದಿ ದೂರ ದೂರಕ್ಕೆ ಹೋಗುತ್ತದೆ. ನಮ್ಮಲ್ಲಿ ವಾರಕ್ಕೆ ಎರಡು ಸಲ ಇದ್ದದ್ದು ಈಗ ಹತ್ತು ಹನ್ನೆರಡು ದಿನಕ್ಕೊಮ್ಮೆ ಆಗಿದೆ. ಫಿಲ್ಟರಿನ ಒತ್ತಡದ ಮುಳ್ಳು ನೋಡಿಯೇ ಮಾಡುತ್ತೇವೆ, ದಿನ ನೋಡಿ ಮಾಡುವುದಿಲ್ಲ.

ಇಲ್ಲೊಂದು ಎಚ್ಚರಿಕೆ. ತಾನಾಗಿ ಓಡಾಡುವ ಎಲ್ಲ ಕ್ಲೀನರುಗಳೂ ಈ ಜಾತಿಯವಲ್ಲ. 1970ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ಎಂಜಿನಿಯರ್ ಫರ್ಡಿನಾಂಡ್ ಶೋವಿಯೆ ರೂಪಿಸಿದ ಕ್ರೀಪಿ ಕ್ರಾಲಿ ಎಂಬ ಯಂತ್ರಕ್ಕೆ ಮೋಟಾರೇ ಇರಲಿಲ್ಲ. ಕೊಳದ ಪಂಪಿನ ಎಳೆತದಿಂದಲೇ ಅದು ತಳದಲ್ಲಿ ತೆವಳುತ್ತಿತ್ತು. ಆ ಬಗೆಯವು ಇವತ್ತಿಗೂ ಸಿಗುತ್ತವೆ, ಬೆಲೆಯೂ ಕಡಿಮೆ. ಅವು ಎಳೆದ ಕೊಳೆ ಮಾತ್ರ ಹೋಸಿನಲ್ಲಿ ಹೋಗಿ ಮತ್ತೆ ಪಂಪಿನ ಬುಟ್ಟಿ, ಮರಳಿನ ಫಿಲ್ಟರುಗಳಲ್ಲೇ ಕೂರುತ್ತದೆ. ಬೆನ್ನು ಉಳಿಯಿತು, ನೀರು ಉಳಿಯಲಿಲ್ಲ. ಸ್ವಂತ ಮೋಟಾರು, ಸ್ವಂತ ಫಿಲ್ಟರು ಎರಡೂ ಇರುವುದಕ್ಕೆ ಮಾತ್ರ ರೋಬೋ ಎನ್ನಬೇಕು. ಇಸ್ರೇಲಿನ ಯಿಜ್ರೆಯೇಲ್ ಎಂಬ ಕಿಬ್ಬುತ್ಸ್‌ನಲ್ಲಿ 1983ರಲ್ಲಿ ಶುರುವಾದ ಮೇಟ್ರಾನಿಕ್ಸ್ ಕಂಪನಿಯ ಡಾಲ್ಫಿನ್ ಯಂತ್ರಗಳು ಈ ಬಗೆಯವು. ಈಗ ಬೇರೆ ದೇಶಗಳ ಹತ್ತಾರು ಹೆಸರುಗಳಿವೆ.

ಈಗ ತಳ ನೋಡುವ ವಿಷಯ. ಎರಡನೆಯ ಯಂತ್ರ ಕೊಳ್ಳುವ ಮುಂಚೆ ನಾನು, ಪೂಲಣ್ಣ ಒಂದು ನೋಟ್‌ಬುಕ್ ಇಟ್ಟೆವು. ದಿನವೂ ಬೆಳಿಗ್ಗೆ, ನೀರು ಅಲುಗುವ ಮುನ್ನ, ಅಂಚಿನಲ್ಲಿ ಒಂದು ಸುತ್ತು ನಡೆದು ತಳದಲ್ಲಿ ಕಂಡದ್ದು ಬರೆಯುವುದು. ಎಲೆಯೆಷ್ಟು, ಮಣ್ಣೆಷ್ಟು, ಯಾವ ಮೂಲೆಯಲ್ಲಿ, ಗೋಡೆಗೆ ಏನಾದರೂ ಹತ್ತಿದೆಯೇ. ಏಳು ದಿನ ಬರೆದ ಮೇಲೆ ಕಂಡದ್ದೇನೆಂದರೆ, ನಮಗೆ ತೊಂದರೆ ಕೊಡುತ್ತಿದ್ದುದು ಎಲೆಯಲ್ಲ. ಕಣ್ಣಿಗೆ ಎದ್ದು ಕಾಣುವುದು ಎಲೆ, ಹೂವು. ಅವನ್ನು ಬಲೆಯಲ್ಲಿ ಬಾಚಿದರೂ ಆಗುತ್ತದೆ. ಆಳದ ತುದಿಯಲ್ಲಿ ದಿನವೂ ಕೂರುತ್ತಿದ್ದ ಬೂದು ಹೊಗೆಯಂಥ ದೂಳೇ ನಿಜವಾದ ಕೆಲಸ.

ಯಂತ್ರದ ಜಾಲರಿಯಲ್ಲಿ ಈ ವ್ಯತ್ಯಾಸ ಬಲು ದೊಡ್ಡದು. ಎಲೆ, ಹೂವು, ಹುಳಹುಪ್ಪಟೆಗೆ 150-200 ಮೈಕ್ರಾನ್‌ನ ಒರಟು ಜಾಲರಿ ಸಾಕು. ಬೇಗ ಕಟ್ಟಿಕೊಳ್ಳುವುದಿಲ್ಲ, ಎಳೆತ ಕುಂದುವುದಿಲ್ಲ. ದೂಳಿಗೆ ಅದು ಏನೂ ಮಾಡದು: ಕೆಳಗಿಂದ ಎಳೆದದ್ದು ಮೇಲಿಂದ ಹೊಗೆಯಂತೆ ಹೊರಬಂದು ಮತ್ತೆ ತಳಕ್ಕಿಳಿಯುತ್ತದೆ. ನಮ್ಮ ಮೊದಲ ಯಂತ್ರ ಹೀಗೆಯೇ ಎರಡು ಗಂಟೆ ದೂಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುತ್ತಿತ್ತು, ನಾವು ಯಂತ್ರ ಕೆಟ್ಟಿದೆ ಎಂದುಕೊಂಡಿದ್ದೆವು. ದೂಳಿಗೆ 50-70 ಮೈಕ್ರಾನ್‌ನ ನಯ ಜಾಲರಿ ಬೇಕು. ಅದು ಎಲೆ ತುಂಬಿದ ದಿನ ಅರ್ಧ ಗಂಟೆಗೆ ಕಟ್ಟಿಕೊಳ್ಳುತ್ತದೆ. ಹಾಗಾಗಿ ಎರಡೂ ಬಗೆಯ ಜಾಲರಿ ಬದಲಿಸಿ ಹಾಕಲು ಬರುವ ಯಂತ್ರವೇ ನಮ್ಮ ಊರಿಗೆ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಂಗಳೂರಿನ ವರ್ಷವೇ ಹಾಗಿದೆ. ಶಿವರಾತ್ರಿಯ ಹೊತ್ತಿಗೆ ಹೊಂಗೆ ಎಲೆ ಉದುರಿಸುತ್ತದೆ, ಯುಗಾದಿಯ ಆಚೆ ಈಚೆ ಹೂವು ಸುರಿಯುತ್ತದೆ, ಮೇ ತಿಂಗಳಲ್ಲಿ ಗುಲ್‌ಮೊಹರ್ ಎಸಳು, ಮಳೆಮರದ ಪಕ್ಕದಲ್ಲಿದ್ದರೆ ಪುಟ್ಟ ಪುಟ್ಟ ಎಲೆಗಳು ಸಾವಿರ ಸಾವಿರ. ಉಳಿದ ದಿನವೆಲ್ಲ ಕಟ್ಟಡದ ದೂಳು, ಮೊದಲ ಮಳೆಯ ಗಾಳಿಗೆ ಕೆಮ್ಮಣ್ಣು. ಕೊಡಗಿನ ಹೋಂಸ್ಟೇ ಕೊಳದಲ್ಲಿ ಇದು ಬೇರೆಯೇ: ಅಲ್ಲಿ ಸಿಲ್ವರ್ ಓಕ್ ಎಲೆ, ಮಳೆಗಾಲದ ಪಾಚಿ. ಅರಿಜೋನಾದ ಫೀನಿಕ್ಸ್‌ನಲ್ಲಿರುವ ನನ್ನ ಅಕ್ಕನ ಮಗಳ ಹಿತ್ತಲ ಕೊಳದಲ್ಲಿ ಇನ್ನೂ ಬೇರೆ. ಬೇಸಿಗೆಯಲ್ಲಿ ಅಲ್ಲಿ ಮರುಭೂಮಿಯ ದೂಳಿನ ಗೋಡೆಯೇ ಎದ್ದು ಊರ ಮೇಲೆ ಬರುತ್ತದೆ, ಮರುದಿನ ಕೊಳದ ತಳ ಕಾಫಿ ಗಸಿಯಂತಿರುತ್ತದೆ. ಅವಳು ಒರಟು ಜಾಲರಿಯನ್ನು ಪೆಟ್ಟಿಗೆಯಿಂದ ತೆಗೆದೇ ಇಲ್ಲ.

ಜಾಲರಿಯ ಬುಟ್ಟಿ ಎಲ್ಲಿಂದ ತೆಗೆಯಬೇಕು ಎಂಬುದನ್ನು ಅಂಗಡಿಯಲ್ಲೇ ನೋಡಿ. ಮೇಲಿನ ಮುಚ್ಚಳ ತೆಗೆದು ಎತ್ತುವಂತಿದ್ದರೆ ಒಂದು ನಿಮಿಷದ ಕೆಲಸ. ಯಂತ್ರವನ್ನು ಮಗುಚಿ ಹೊಟ್ಟೆಯಡಿಯ ಬಾಗಿಲು ಬಿಚ್ಚಬೇಕಾದದ್ದಾದರೆ, ನೀರು ಸುರಿಯುತ್ತಿರುವ ಹತ್ತು ಕಿಲೋ ತೂಕವನ್ನು ದಿನವೂ ಮಗುಚುವವರು ಯಾರು? ಎರಡನೆಯ ವಾರಕ್ಕೇ ತೊಳೆಯುವುದು ತಪ್ಪುತ್ತದೆ. ಪೂಲಣ್ಣನನ್ನೇ ಕರೆದುಕೊಂಡು ಹೋಗಿ ಅವರ ಕೈಯಲ್ಲೇ ಬಿಚ್ಚಿಸಿ, ಹಾಕಿಸಿ ನೋಡಿದ್ದು ನಾವು ಮಾಡಿದ ಒಳ್ಳೆಯ ಕೆಲಸ.

ಬ್ರಷ್ಷಿನ ವಿಷಯವನ್ನು ಮಾರುವವರು ಸಾಮಾನ್ಯವಾಗಿ ಹೇಳುವುದಿಲ್ಲ, ನಾವೇ ಕೇಳಬೇಕು. ನಮ್ಮ ಕಡೆ ಹೆಚ್ಚಿನ ಕೊಳಗಳ ಒಳಮೈ ನುಣುಪಾದ ಮೊಸಾಯಿಕ್ ಟೈಲ್ಸ್. ಅದರ ಮೇಲೆ ರಬ್ಬರಿನಂಥ ಪಿವಿಸಿ ಬ್ರಷ್ಷು ಜಾರುತ್ತದೆ, ಯಂತ್ರ ಗೋಡೆಯನ್ನು ಅರ್ಧ ಹತ್ತಿ ಕೆಳಗೆ ಬೀಳುತ್ತದೆ. ಟೈಲ್ಸಿಗೆ ಸ್ಪಂಜಿನಂಥ ಪಿವಿಎ ಬ್ರಷ್ಷೇ ಬೇಕು. ಒಣಗಿದಾಗ ಅದು ಕಲ್ಲಿನಂತೆ ಗಟ್ಟಿಯಾಗುತ್ತದೆ, ನೀರಲ್ಲಿ ನೆನೆದ ಮೇಲೆ ಮೆತ್ತಗಾಗಿ ಹಲ್ಲಿಯ ಕಾಲಿನಂತೆ ಹಿಡಿಯುತ್ತದೆ. ಬೇಗ ಸವೆಯುವುದು ಅದರ ದೋಷ. ಸಿಮೆಂಟು ಗಾರೆಯ, ಒರಟು ಮೈಯ ಕೊಳಕ್ಕೆ ಪಿವಿಸಿಯೇ ಸರಿ.

ಯಂತ್ರ ಗೋಡೆ ಹತ್ತುವ ಬಗೆ ಕುತೂಹಲದ್ದು. ಅಡಿಯಿಂದ ಎಳೆದ ನೀರನ್ನು ಬೆನ್ನಿನ ಮೇಲಿಂದ ರಭಸವಾಗಿ ಹೊರಕ್ಕೆ ಚಿಮ್ಮುತ್ತದಲ್ಲ, ಆ ಚಿಮ್ಮುವಿಕೆಯ ಎದುರೊತ್ತಡವೇ ಅದನ್ನು ತಳಕ್ಕೂ ಗೋಡೆಗೂ ಅದುಮಿ ಹಿಡಿದಿರುತ್ತದೆ. ಇನ್ನೊಂದು ಮೋಟಾರು, ಯಂತ್ರವನ್ನು ಓಡಾಡಿಸುವ ಎರಡು ಬದಿಯ ಪಟ್ಟಿಗಳನ್ನೂ ಬ್ರಷ್ಷನ್ನೂ ತಿರುಗಿಸುತ್ತದೆ. ಇದು ಅರ್ಥವಾದರೆ ಅರ್ಧ ರಿಪೇರಿ ಮನೆಯಲ್ಲೇ ಆಗುತ್ತದೆ. ಗೋಡೆ ಹತ್ತುತ್ತಿಲ್ಲವೆಂದರೆ ಮೊದಲು ಜಾಲರಿ ನೋಡಿ, ಅದು ಕಟ್ಟಿಕೊಂಡರೆ ನೀರಿನ ರಭಸ ಇಳಿಯುತ್ತದೆ, ಅದುಮುವ ಬಲವೂ ಇಳಿಯುತ್ತದೆ. ಆಮೇಲೆ ಗೋಡೆಯನ್ನೇ ಅಂಗೈಯಿಂದ ಮುಟ್ಟಿ ನೋಡಿ. ಲೋಳೆ ತಾಕಿದರೆ ಪಾಚಿ ಶುರುವಾಗಿದೆ, ತಪ್ಪು ಕ್ಲೋರಿನ್ನಿನದು. ಇವೆರಡೂ ಸರಿಯಿದ್ದರೆ ಬ್ರಷ್ಷು ಸವೆದಿದೆ. ಯಂತ್ರ ಮುಳುಗದೆ ತೇಲುತ್ತಿದ್ದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ. ನೀರಿಗೆ ಬಿಡುವಾಗ ಆಚೆ ಈಚೆ ವಾಲಿಸಿ ಗುಳ್ಳೆ ನಿಲ್ಲುವವರೆಗೆ ಹಿಡಿದಿರಬೇಕು. ಒಂದೇ ಕಡೆ ಗಿರಗಿರ ಸುತ್ತುತ್ತಿದ್ದರೆ ಒಂದು ಬದಿಯ ಪಟ್ಟಿ ಸಡಿಲಾಗಿದೆ, ಇಲ್ಲವೇ ಏನೋ ಸಿಕ್ಕಿಕೊಂಡಿದೆ.

ಕೊಳದ ಆಕಾರಕ್ಕೆ ಬಂದರೆ, ಮಕ್ಕಳ ಕೊಳದಂಥ ಮೊಣಕಾಲಾಳದ ನೀರಿನಲ್ಲಿ ಇವು ಸರಿಯಾಗಿ ಕೆಲಸ ಮಾಡುವುದಿಲ್ಲ, ಮೆಟ್ಟಿಲುಗಳನ್ನೂ ಅರ್ಧಂಬರ್ಧ ಮುಟ್ಟುತ್ತವೆ. ಅವನ್ನು ಕೈಯಲ್ಲೇ ಉಜ್ಜಬೇಕು. ನೀರು ಅಂಚಿನಿಂದ ಹೊರಚೆಲ್ಲಿ ಸುತ್ತಲಿನ ಕಾಲುವೆಗೆ ಬೀಳುವ ಕೊಳಗಳಲ್ಲಿ ಇನ್ನೊಂದು ತೊಡಕಿದೆ: ಗೋಡೆ ಹತ್ತಿದ ಯಂತ್ರ ಅಂಚಿನ ಮೇಲೆ ಮೂತಿ ಚಾಚಿ, ಗಾಳಿ ಎಳೆದುಕೊಂಡು ಒದ್ದಾಡಬಹುದು. ನಿಮ್ಮ ಕೊಳದಲ್ಲೇ ಒಂದು ಸುತ್ತು ಓಡಿಸಿ ತೋರಿಸಿ ಎಂದು ಕೇಳಿ. ಒಪ್ಪದವರ ಬಳಿ ಕೊಳ್ಳಬೇಡಿ.

ಕೇಬಲ್ಲಿನ ಉದ್ದವನ್ನು ಕಣ್ಣಂದಾಜಿನಲ್ಲಿ ಬಿಡಬಾರದು, ಟೇಪು ಹಿಡಿದು ಅಳೆಯಬೇಕು. ವಿದ್ಯುತ್ ಪೆಟ್ಟಿಗೆಯನ್ನು ಕೊಳದ ಉದ್ದ ಬದಿಯ ನಡುವೆ, ಅಂಚಿನಿಂದ ಕನಿಷ್ಠ ಮೂರು ಮೂರೂವರೆ ಮೀಟರ್ ದೂರದಲ್ಲಿ ಇಡಬೇಕು. ಅಲ್ಲಿಂದ ಅತಿ ದೂರದ ಮೂಲೆಗೆ ಎಷ್ಟು, ಅದಕ್ಕೆ ಆಳವೂ ಸೇರಬೇಕು. 25 ಮೀಟರ್ ಉದ್ದ, 12.5 ಮೀಟರ್ ಅಗಲದ ಕ್ಲಬ್ ಕೊಳವೊಂದನ್ನು ತೆಗೆದುಕೊಳ್ಳಿ. ಬದಿಯ ನಡುವಿನಿಂದ ಎದುರು ಮೂಲೆಗೆ ಹದಿನೇಳೂಮುಕ್ಕಾಲು ಮೀಟರ್, ಅಂಚಿನ ದೂರ ಮೂರು, ಆಳ ಎರಡು, ಒಟ್ಟು ಇಪ್ಪತ್ತಮೂರಕ್ಕೆ ಹತ್ತಿರ. ಮನೆ ಕೊಳಕ್ಕೆಂದು ಮಾಡಿದ 15-18 ಮೀಟರ್ ಕೇಬಲ್ಲಿನ ಯಂತ್ರ ಅಲ್ಲಿ ಎರಡು ಮೂಲೆಗಳನ್ನು ಎಂದೂ ಕಾಣುವುದಿಲ್ಲ.

ಕೇಬಲ್ಲೇ ಇಲ್ಲದ, ಬ್ಯಾಟರಿಯ ಯಂತ್ರಗಳು ಈಗ ಬಹಳ ಬಂದಿವೆ. ಚಿಕ್ಕ ಮನೆಕೊಳಕ್ಕೆ, ಹತ್ತಿರದಲ್ಲಿ ಪ್ಲಗ್ ಪಾಯಿಂಟ್ ಇಲ್ಲದ ಕಡೆಗೆ ಅವು ಅನುಕೂಲ. ಒಂದೂವರೆ ಎರಡು ಗಂಟೆ ಓಡಿ ನಿಲ್ಲುತ್ತವೆ, ಮತ್ತೆ ನಾಲ್ಕೈದು ಗಂಟೆ ಚಾರ್ಜಿಗೆ. ಲಿಥಿಯಂ ಬ್ಯಾಟರಿಗೆ ಬಿಸಿಲು ಆಗದು, ಕಾದ ಕಲ್ಲಿನ ಮೇಲೆ ಬಿಟ್ಟರೆ ಆಯುಷ್ಯ ಕಡಿಮೆಯಾಗುತ್ತದೆ, ಹೊಸ ಬ್ಯಾಟರಿ ಬೇಕೆಂದಾಗ ಅದು ನಮ್ಮ ಊರಿನಲ್ಲಿ ಸಿಗುತ್ತದೋ ಇಲ್ಲವೋ ವಿಚಾರಿಸಿಟ್ಟುಕೊಳ್ಳಬೇಕು. ದಿನವೂ ಓಡಬೇಕಾದ ಅಪಾರ್ಟ್‌ಮೆಂಟ್ ಕೊಳಕ್ಕೆ ನಾನು ಕೇಬಲ್ಲಿನದನ್ನೇ ಹೇಳುತ್ತೇನೆ. ಮೊಬೈಲ್ ಆ್ಯಪ್, ಬಣ್ಣದ ದೀಪಗಳು ನನ್ನ ಪಟ್ಟಿಯ ಕೊನೆಗೆ.

ಮೊದಲ ಯಂತ್ರ ಹೋದ ಕಥೆಯನ್ನು ಹೇಳಲೇಬೇಕು, ಇನ್ನೊಬ್ಬರಿಗೆ ಹಾಗಾಗಬಾರದು. ಅದನ್ನು ಆನ್‌ಲೈನಿನಲ್ಲಿ ರಿಯಾಯಿತಿ ನೋಡಿ ತರಿಸಿದ್ದೆವು, ಬೆಲೆ ಲಕ್ಷದ ಆಚೀಚೆ. ಎಂಟನೆಯ ತಿಂಗಳಿಗೆ ಓಡುತ್ತಾ ಓಡುತ್ತಾ ನಿಂತಿತು, ಪೆಟ್ಟಿಗೆಯ ದೀಪ ಕೆಂಪಾಯಿತು. ಎರಡು ವರ್ಷದ ವಾರಂಟಿ ಇತ್ತು. ಮಾರಿದವರು ಇನ್ನೊಂದು ರಾಜ್ಯದ ಸರ್ವಿಸ್ ಸೆಂಟರಿಗೆ ಕಳಿಸಲು ಹೇಳಿದರು, ಕಳಿಸಿದೆವು. ಐದು ವಾರದ ಮೇಲೆ ಉತ್ತರ ಬಂತು. ಮೋಟಾರಿನ ಸೀಲು ದಾಟಿ ನೀರು ಒಳಗೆ ಹೋಗಿದೆ. ಇದು ಮನೆಬಳಕೆಯ ಮಾದರಿ. ಅಪಾರ್ಟ್‌ಮೆಂಟ್ ಕೊಳವನ್ನು ವಾಣಿಜ್ಯ ಬಳಕೆ ಎಂದು ಪರಿಗಣಿಸುತ್ತೇವೆ. ವಾರಂಟಿ ಅನ್ವಯಿಸುವುದಿಲ್ಲ. ಷರತ್ತುಗಳ ಹಾಳೆಯಲ್ಲಿ ಆ ಸಾಲು ನಿಜಕ್ಕೂ ಇತ್ತು, ನಾನು ಓದಿರಲಿಲ್ಲ. ಅರವತ್ತು ಮನೆಗಳವರು ಸೇರಿಸಿದ ಹಣ ಅದು. ಸಭೆಯಲ್ಲಿ ಎದ್ದು ನಿಂತು ಈ ವಿಷಯ ಹೇಳಬೇಕಾದ ಸಂಜೆ ನನಗೆ ಇನ್ನೂ ನೆನಪಿದೆ.

ಹಾಗಾಗಿ ಎರಡನೆಯ ಸಲ ಮೂರು ಮಾತುಗಳನ್ನು ಬರವಣಿಗೆಯಲ್ಲಿ ಪಡೆದುಕೊಂಡೆವು: ವಸತಿ ಸಮುಚ್ಚಯದ ಕೊಳಕ್ಕೂ ವಾರಂಟಿ ಉಂಟು, ಸೀಲು ದಾಟಿ ನೀರು ಹೋದದ್ದೂ ಅದರಲ್ಲಿ ಸೇರಿದೆ, ಸರ್ವಿಸ್ ಬೆಂಗಳೂರಿನಲ್ಲೇ. ಬ್ರಷ್ಷು, ಪಟ್ಟಿ, ಜಾಲರಿ, ಕೇಬಲ್ಲುಗಳು ಬಿಡಿಬಿಡಿಯಾಗಿ ಸಿಗುತ್ತವೆಯೇ ಎಂದು ಕೇಳಿ, ಅವುಗಳ ಇವತ್ತಿನ ಬೆಲೆಯನ್ನೂ ಬರೆಸಿಕೊಂಡೆವು. ಮೋಟಾರಿನ ಭಾಗವನ್ನು ಕಾರ್ಖಾನೆಯಲ್ಲೇ ಮುಚ್ಚಿ ಬಿಗಿದಿರುತ್ತಾರೆ, ಅದನ್ನು ಬೀದಿಯ ಮೆಕ್ಯಾನಿಕ್ ಬಿಚ್ಚಿದರೆ ಮತ್ತೆ ನೀರು ತಡೆಯುವಂತೆ ಮುಚ್ಚುವುದು ಅಸಾಧ್ಯ ಎಂದೇ ಹೇಳಬೇಕು.

ಸೀಲು ಯಾಕೆ ಹೋಯಿತು? ಇದಕ್ಕೆ ಉತ್ತರ ಸಿಕ್ಕಿದ್ದು ಎರಡನೆಯ ಯಂತ್ರದಲ್ಲಿ, ಅದೂ ಅಕಸ್ಮಾತ್ತಾಗಿ. ಒಂದು ದಿನ ಅದರ ಸದ್ದು ಬದಲಾಗಿತ್ತು. ಸಣ್ಣಗೆ ಗೊರಗುಟ್ಟುತ್ತಿದೆ ಎಂದು ಮೊದಲು ಕೇಳಿಸಿಕೊಂಡವರು ಪೂಲಣ್ಣ. ಪ್ಲಗ್ ಕಿತ್ತು, ಮೇಲೆ ತಂದು, ಬೆನ್ನಿನ ಮೇಲಿನ ಕಿಂಡಿಯ ಜಾಲರಿಯ ಸ್ಕ್ರೂ ಬಿಚ್ಚಿ ನೋಡಿದೆವು. ನೀರೆಸೆಯುವ ಪುಟ್ಟ ಚಕ್ರದ ಬುಡಕ್ಕೆ ಕೂದಲು, ಅದರೊಡನೆ ದೇವಸ್ಥಾನದಲ್ಲಿ ಕೈಗೆ ಕಟ್ಟುವ ಕೆಂಪು ಹಳದಿ ದಾರ, ಹತ್ತಾರು ಸುತ್ತು ಬಿಗಿದು ಉಂಗುರವಾಗಿತ್ತು. ಆ ಉಂಗುರ ತಿರುಗುತ್ತಾ ತಿರುಗುತ್ತಾ ಒಳಕ್ಕೆ ಸರಿದು ಸೀಲಿನ ರಬ್ಬರನ್ನು ಅರೆಯುತ್ತದೆ. ಉಗುರು ಕತ್ತರಿಯಿಂದ ಒಂದೊಂದೇ ಎಳೆ ಕತ್ತರಿಸಿ ತೆಗೆಯಲು ಇಪ್ಪತ್ತು ನಿಮಿಷ ಬೇಕಾಯಿತು. ಮೊದಲ ಯಂತ್ರದಲ್ಲಿ ಎಂಟು ತಿಂಗಳು ನಾವು ಆ ಕಿಂಡಿಯನ್ನು ಬಿಚ್ಚಿಯೇ ಇರಲಿಲ್ಲ. ಈಗ ಪ್ರತಿ ಶನಿವಾರ ಬಿಚ್ಚಿ ನೋಡುತ್ತೇವೆ. ಉದ್ದ ಕೂದಲಿನವರಿಗೆ ಟೋಪಿ ಕಡ್ಡಾಯ ಎಂಬ ಹಳೆಯ ನಿಯಮಕ್ಕೆ ಹೊಸ ಕಾರಣ ಸಿಕ್ಕಿತು. ದಾರವನ್ನು ತೆಗೆದಿಡಿ ಎಂದು ಯಾರಿಗೂ ಹೇಳಲಾರೆ, ಸಡಿಲಾಗಿದ್ದರೆ ಬಿಗಿ ಕಟ್ಟಿಕೊಳ್ಳಿ ಎಂದು ಫಲಕ ಹಾಕಿದ್ದೇವೆ.

ದಿನದ ಆರೈಕೆ ಹತ್ತು ನಿಮಿಷದ್ದು. ಸಂಜೆ ಈಜುವವರೆಲ್ಲ ಹೋದ ಮೇಲೆ ರಾತ್ರಿ ಪಂಪು ನಿಂತು ದೂಳು ತಳಕ್ಕಿಳಿಯುತ್ತದೆ. ನಸುಕಿನ ನಾಲ್ಕಕ್ಕೆ ಪೂಲಣ್ಣ ಯಂತ್ರವನ್ನು ನೀರಿಗೆ ಬಿಡುತ್ತಾರೆ. ಬೇಕಾದಷ್ಟೇ ಕೇಬಲ್ ನೀರಿಗೆ, ಉಳಿದದ್ದು ದಡದ ಮೇಲೆ ನೇರವಾಗಿ. ಮುಗಿದ ಮೇಲೆ ಕೊಕ್ಕೆಯಿಂದ ಅಂಚಿಗೆ ತಂದು ಹಿಡಿಯಿಂದಲೇ ಎತ್ತಬೇಕು. ಕೇಬಲ್ ಹಿಡಿದು ಬಾವಿಯ ಕೊಡದಂತೆ ಜಗ್ಗಿದರೆ ಒಳಗಿನ ತಂತಿ ಕಡಿಯುತ್ತದೆ, ಕೇಬಲ್ ಯಂತ್ರವನ್ನು ಸೇರುವಲ್ಲಿ ನೀರು ನುಗ್ಗುತ್ತದೆ. ಜಾಲರಿಯನ್ನು ಕೆಸರು ಒಣಗುವ ಮೊದಲೇ ತೊಳೆಯಬೇಕು. ಒಣಗಿದ ಸಿಮೆಂಟು ದೂಳು ನೂಲಿನ ಸಂದಿಗಳಲ್ಲಿ ಸೇರಿಕೊಂಡರೆ ಬಿಡುವುದಿಲ್ಲ. ಹೋಸಿನ ಸಣ್ಣ ರಭಸ, ಮೆತ್ತನೆಯ ಹಲ್ಲುಜ್ಜುವ ಬ್ರಷ್ಷು ಸಾಕು. ಕಾರು ತೊಳೆಯುವ ಪ್ರೆಷರ್ ಜೆಟ್ ಹಿಡಿದರೆ ಜಾಲರಿ ಹರಿಯುತ್ತದೆ. ತಿಂಗಳಿಗೊಮ್ಮೆ ಜಾಲರಿಯನ್ನು ಬೆಳಕಿಗೆ ಹಿಡಿದು ನೋಡಿ, ಕಡ್ಡಿ ಚುಚ್ಚಿದ ತೂತಿದ್ದರೆ ಅಲ್ಲಿಂದ ದೂಳೆಲ್ಲ ಹೊರಹೋಗುತ್ತಿರುತ್ತದೆ.

ಕೆಲಸ ಮುಗಿದ ಮೇಲೂ ಯಂತ್ರವನ್ನು ನೀರಿನಲ್ಲೇ ಬಿಡುವುದು ಬಹಳ ಕಡೆ ನೋಡಿದ್ದೇನೆ. ಹಾಗೆ ಮಾಡಬಾರದು. ಕ್ಲೋರಿನ್ ರಬ್ಬರನ್ನು ತಿನ್ನುತ್ತದೆ, ಬಿಸಿಲು ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ಮೇಲೆ ತಂದು, ಸಿಹಿನೀರಿನಲ್ಲಿ ಒಮ್ಮೆ ತೊಳೆದು, ನೆರಳಿನಲ್ಲಿ ಇಡಬೇಕು. ನಮ್ಮ ಬೋರ್‌ವೆಲ್ ನೀರು ಗಡಸು, ಒಣಗಿದಲ್ಲೆಲ್ಲ ಸುಣ್ಣದ ಬಿಳಿ ಗೆರೆ ಬರುತ್ತದೆ. ಅದಕ್ಕೇ ತೊಳೆಯಲು ಮಳೆನೀರಿನ ತೊಟ್ಟಿಯಿಂದ ಎರಡು ಬಕೆಟ್ ಇಟ್ಟುಕೊಳ್ಳುತ್ತೇವೆ. ಕೇಬಲ್ಲನ್ನು ದೊಡ್ಡ ದೊಡ್ಡ ಸುರುಳಿಯಾಗಿ ಸುತ್ತಿ, ತಿಂಗಳಿಗೊಮ್ಮೆ ಪೂರ್ತಿ ಬಿಡಿಸಿ ಅರ್ಧ ದಿನ ಬಿಸಿಲಲ್ಲಿ ನೇರ ಚಾಚಿದರೆ ತಿರುಚು ಬಿಡುತ್ತದೆ. ಯಂತ್ರಕ್ಕೆ ಆಗದ ಬಿಸಿಲು ಕೇಬಲ್ಲಿಗೆ ಇಷ್ಟರ ಮಟ್ಟಿಗೆ ಬೇಕು.

ವಿದ್ಯುತ್ತಿನ ವಿಷಯದಲ್ಲಿ ಒಂದಿಷ್ಟೂ ರಾಜಿ ಬೇಡ. ಯಂತ್ರಕ್ಕೆ ಹೋಗುವುದು 30 ವೋಲ್ಟಿಗಿಂತ ಕಡಿಮೆಯ ಡಿಸಿ. ಆದರೆ ದಡದ ಪೆಟ್ಟಿಗೆಗೆ ಬರುವುದು 230 ವೋಲ್ಟು. ಆ ಲೈನಿಗೆ, ವಿದ್ಯುತ್ ಸೋರಿದ ಕೂಡಲೇ ಕಡಿದುಹಾಕುವ 30 ಮಿಲಿಆಂಪಿನ ಆರ್‌ಸಿಸಿಬಿ ಸ್ವಿಚ್ಚು ಇರಲೇಬೇಕು, ಪೆಟ್ಟಿಗೆ ಮಳೆಗೆ ನೆನೆಯಬಾರದು, ನೀರು ನಿಲ್ಲುವ ನೆಲದಲ್ಲಿ ಇಡಬಾರದು. ಯಂತ್ರ ನೀರಲ್ಲಿರುವಾಗ ಒಬ್ಬರೂ ಕೊಳಕ್ಕಿಳಿಯಬಾರದು. ನಮ್ಮಲ್ಲಿ ಯಂತ್ರ ಮೇಲೆ ಬಂದು ಪ್ಲಗ್ ಕಿತ್ತ ಮೇಲೇ ಗೇಟಿನ ಬೀಗ ತೆಗೆಯುವುದು.

ಇಷ್ಟೆಲ್ಲ ಆದರೂ ರೋಬೋ ಒಂದು ಪೊರಕೆ. ಗುಡಿಸಿದ ಮನೆಯಲ್ಲಿ ರೋಗವಿರಬಾರದೆಂದಿಲ್ಲ. ತಳ ಹೊಳೆಯುವ ಕೊಳದಲ್ಲೂ ಕ್ಲೋರಿನ್ ಸೊನ್ನೆಯಿದ್ದರೆ ಮಕ್ಕಳ ಕಿವಿ, ಕಣ್ಣು, ಹೊಟ್ಟೆ ಕೆಡುತ್ತವೆ. ಮುಕ್ತ ಕ್ಲೋರಿನ್ 1ರಿಂದ 3 ಪಿಪಿಎಂ, ಪಿಎಚ್ 7.2ರಿಂದ 7.8, ಇವೆರಡನ್ನು ದಿನವೂ ಅಳೆಯುವುದಕ್ಕೆ ಯಾವ ಯಂತ್ರವೂ ಬದಲಿಯಲ್ಲ. ಯಂತ್ರದ ಆಯುಷ್ಯಕ್ಕೂ ಇದೇ ನೀರು ಬೇಕು. ಕ್ಲೋರಿನ್ 4 ಪಿಪಿಎಂ ಮೀರಿದ, ಪಿಎಚ್ 7ಕ್ಕಿಂತ ಇಳಿದ ನೀರಿಗೆ ಅದನ್ನು ಬಿಡಬಾರದು. ಪಾಚಿ ಕಟ್ಟಿದ ಕೊಳಕ್ಕೆ ಹೆಚ್ಚಿನ ಕ್ಲೋರಿನ್ ಹಾಕಿದ ರಾತ್ರಿ ಅದು ಶೆಡ್ಡಿನಲ್ಲೇ ಇರಬೇಕು. ನೀರು ಕದಡಿದಾಗ ಪಟಿಕ ಹಾಕಿ ಕೆಸರನ್ನು ತಳಕ್ಕಿಳಿಸುವುದು ನಮ್ಮ ಕಡೆಯ ಹಳೆಯ ರೂಢಿ. ಆ ಜೆಲ್ಲಿಯಂಥ ಕೆಸರಿನ ಮೇಲೆ ರೋಬೋ ಬಿಟ್ಟರೆ ಜಾಲರಿ ನಿಮಿಷಗಳಲ್ಲಿ ಕಟ್ಟುತ್ತದೆ, ಉಳಿದದ್ದೆಲ್ಲ ಎದ್ದು ಮತ್ತೆ ಕದಡುತ್ತದೆ. ಆ ದಿನ ಹಳೆಯ ಕೋಲು, ನೀಲಿ ಹೋಸು, ಪೂಲಣ್ಣನ ಕೈ ಇವೇ ಬೇಕು. ಕೋಲನ್ನು ಗುಜರಿಗೆ ಹಾಕೋಣ ಎಂದು ಸಭೆಯಲ್ಲಿ ಯಾರೋ ಹೇಳಿದಾಗ ನಾನು ಬೇಡವೆಂದೆ.

ಯಂತ್ರ ಬಂದರೆ ಪೂಲಣ್ಣನ ಕೆಲಸ ಹೋಗುತ್ತದೆಯೇ ಎಂಬ ಪ್ರಶ್ನೆಯೂ ಅದೇ ಸಭೆಯಲ್ಲಿ ಬಂತು. ಸಂಬಳ ಕಡಿಮೆ ಮಾಡಬಹುದು ಎಂದವರೂ ಇದ್ದರು. ನನಗೆ ತುಂಬ ಬೇಸರವಾಯಿತು. ಸದ್ದು ಬದಲಾದದ್ದನ್ನು ಕೇಳಿಸಿಕೊಂಡು ಲಕ್ಷಾಂತರ ರೂಪಾಯಿಯ ಯಂತ್ರ ಉಳಿಸಿದ್ದು ಅವರ ಕಿವಿ. ಉಳಿದ ಒಂದೂವರೆ ಗಂಟೆಯಲ್ಲಿ ಅವರು ಈಗ ನೀರಿನ ಪರೀಕ್ಷೆ ಮಾಡುತ್ತಾರೆ, ಟೈಲ್ಸಿನ ಸಂದು ಉಜ್ಜುತ್ತಾರೆ, ಪಂಪಿನ ಕೋಣೆ ನೋಡುತ್ತಾರೆ. ಮಾರಾಟಗಾರರ ಕಡೆಯಿಂದ ಒಂದು ದಿನದ ತರಬೇತಿ ಕೊಡಿಸಿದೆವು. ಸಂಬಳ ಏರಿಸಿದ ತೀರ್ಮಾನಕ್ಕೆ ಕಡೆಗೆ ಎಲ್ಲರೂ ಕೈಯೆತ್ತಿದರು.

ಇವತ್ತಿನ ಬುಟ್ಟಿ ತೊಳೆದಾಯಿತು. ಆ ನೀರನ್ನು ಪೂಲಣ್ಣ ಯಾವಾಗಲೂ ಬೇಲಿಯಾಚೆಯ ಹೊಂಗೆಯ ಬುಡಕ್ಕೇ ಚೆಲ್ಲುತ್ತಾರೆ, ಹೂವೂ ಅಲ್ಲೇ. ಬ್ರಷ್ಷಿನ ಒಂದು ಅಂಚು ನೆಲ ಮುಟ್ಟುವುದನ್ನು ಬಿಟ್ಟಿದೆ ಎಂದು ತೋರಿಸಿದರು, ಬೆರಳಿಟ್ಟು ನೋಡಿದೆ, ಹೌದು. ಹೊಸ ಜೋಡಿ ಶೆಡ್ಡಿನಲ್ಲಿದೆ. ಅದನ್ನು ರಾತ್ರಿಯೇ ಬಕೆಟ್ಟಿನಲ್ಲಿ ನೆನೆಹಾಕಿಡುತ್ತೇನೆ ಎಂದು ಹೇಳಿ, ಕೇಬಲ್ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಗೇಟಿನ ಬೀಗ ತೆಗೆಯಲು ಹೋದರು.